ಮತ ಹಾಕಲು ಪುಣೆಯಲ್ಲಿ ನಾಲ್ಕು ಗುಂಡಿ, ಮುಂಬೈಯಲ್ಲಿ ಒಂದೇ ಯಾಕೆ?

ಪ್ರಶ್ನೆ: ನಾವು ಕಲಬುರಗಿ ಜಿಲ್ಲೆಯವರು. ಪುಣೆಯ ವಾರಜೆಯಲ್ಲಿ ನೆಲೆಸಿ ಬಹಳ ವರ್ಷವಾಯಿತು. 2026ರ ಜನವರಿಯ ಮಹಾನಗರಪಾಲಿಕೆ ಚುನಾವಣೆಯಲ್ಲಿ ನನ್ನ ಹೆಂಡತಿ ಒಂದೇ ಗುಂಡಿ ಒತ್ತಿ ಹೊರಟಾಗ ಮತಗಟ್ಟೆಯವರು ‘ಇನ್ನೂ ಮೂರು ಬಾಕಿ ಇದೆ’ ಎಂದು ವಾಪಸ್ ಕಳಿಸಿದರು. ಮುಂಬೈಯ ಗೋರೆಗಾಂವ್‌ನಲ್ಲಿರುವ ತಂಗಿಗೆ ಒಂದೇ ಮತ. ಹೀಗೇಕೆ? ನಮ್ಮ ಸೊಸೈಟಿಯವರು ಲೋಕಸಭೆಗೆ ಒಂದು ಪಕ್ಷಕ್ಕೆ ಹಾಕಿದರೆ ಪಾಲಿಕೆಗೆ ಇನ್ನೊಂದಕ್ಕೆ ಹಾಕುತ್ತಾರೆ. ಇದೆಲ್ಲ ದುಡ್ಡಿನ ಮಹಿಮೆಯೇ? ಇಲ್ಲಿರುವ ಕನ್ನಡಿಗರೆಲ್ಲ ಒಗ್ಗಟ್ಟಾದರೆ ನಮ್ಮವರೊಬ್ಬರನ್ನು ಗೆಲ್ಲಿಸಲು ಆಗುವುದಿಲ್ಲವೇ?

ಉತ್ತರ: ಮೊದಲು ಗುಂಡಿಯ ವಿಷಯ. ಮುಂಬೈ ಮಹಾನಗರಪಾಲಿಕೆಗೆ 1888ರ ಪ್ರತ್ಯೇಕ ಕಾಯ್ದೆ ಇದೆ. ಅದರ ಪ್ರಕಾರ ಒಂದು ವಾರ್ಡಿಗೆ ಒಬ್ಬ ನಗರಸೇವಕ, ಅಂದರೆ ಪಾಲಿಕೆ ಸದಸ್ಯ. ಈಗ ಅಂಥ 227 ವಾರ್ಡುಗಳಿವೆ. ಪುಣೆ, ಪಿಂಪ್ರಿ-ಚಿಂಚವಡ, ಠಾಣೆ, ಸೊಲ್ಲಾಪುರ ಮುಂತಾದವು ಬರುವುದು 1949ರ ಕಾಯ್ದೆಯ ಕೆಳಗೆ. ಅಲ್ಲಿ ವಾರ್ಡಿಗೆ ಪ್ರಭಾಗ ಎನ್ನುತ್ತಾರೆ. ಒಂದು ಪ್ರಭಾಗದಿಂದ ಎಷ್ಟು ಜನ ಎಂಬುದನ್ನು ರಾಜ್ಯ ಸರಕಾರ ಕಾಯ್ದೆ ತಿದ್ದಿ ಬದಲಿಸುತ್ತಲೇ ಬಂದಿದೆ. ಪುಣೆಯನ್ನೇ ನೋಡಿ: 2002ರಲ್ಲಿ ಪ್ರಭಾಗಕ್ಕೆ ಮೂವರು, 2007ರಲ್ಲಿ ಒಬ್ಬರು, 2012ರಲ್ಲಿ ಇಬ್ಬರು, 2017ರಲ್ಲಿ ನಾಲ್ವರು. 2026ರಲ್ಲಿ 41 ಪ್ರಭಾಗ, 165 ಸ್ಥಾನ. ನಲವತ್ತು ಪ್ರಭಾಗಗಳಲ್ಲಿ ನಾಲ್ವರು, ಒಂದರಲ್ಲಿ ಮಾತ್ರ ಐವರು. ಅಧಿಕಾರದಲ್ಲಿದ್ದವರು ತಮ್ಮ ಅನುಕೂಲಕ್ಕೆ ತಕ್ಕಂತೆ ಸಂಖ್ಯೆ ಬದಲಿಸುತ್ತಾರೆ ಎಂದು ಎಲ್ಲ ಪಕ್ಷಗಳೂ ಒಂದರ ಮೇಲೊಂದು ದೂರುತ್ತವೆ. ಎಲ್ಲರ ಮಾತಿನಲ್ಲೂ ಒಂದಿಷ್ಟು ಹುರುಳಿದೆ.

ನಿಮ್ಮ ಮನೆಯವರಿಗೆ ಆದ ಗೊಂದಲ ಸಾವಿರಾರು ಜನರಿಗೆ ಆಗುತ್ತದೆ. ಪ್ರಭಾಗದ ನಾಲ್ಕು ಸ್ಥಾನಗಳಿಗೆ ಅ, ಬ, ಕ, ಡ ಎಂಬ ಹೆಸರು. ಒಂದೊಂದು ಸ್ಥಾನಕ್ಕೂ ಬೇರೆ ಅಭ್ಯರ್ಥಿಗಳು, ಬೇರೆ ಮೀಸಲಾತಿ, ಬೇರೆ ಬಣ್ಣದ ಪಟ್ಟಿ: ಅ ಬಿಳಿ, ಬ ತಿಳಿ ಗುಲಾಬಿ, ಕ ತಿಳಿ ಹಳದಿ, ಡ ತಿಳಿ ನೀಲಿ. ಅಭ್ಯರ್ಥಿಗಳು ಕಡಿಮೆ ಇದ್ದರೆ ಎರಡು ಸ್ಥಾನಗಳ ಪಟ್ಟಿ ಒಂದೇ ಯಂತ್ರದ ಮೇಲೆ ಒಂದರ ಕೆಳಗೊಂದು ಬರುವುದುಂಟು. ಆದ್ದರಿಂದ ಯಂತ್ರಗಳನ್ನು ಎಣಿಸಬೇಡಿ, ಬಣ್ಣ ನೋಡಿ. ಪ್ರತಿ ಸ್ಥಾನದ ಪಟ್ಟಿಯೂ ನೋಟಾದಿಂದ ಮುಗಿಯುತ್ತದೆ. ಒಂದು ನೋಟಾ ದಾಟಿ ಕೆಳಗೆ ಮತ್ತೆ ಹೆಸರು ಶುರುವಾದರೆ ಅದು ಮುಂದಿನ ಸ್ಥಾನ. ಗುಂಡಿ ಒತ್ತಿದೊಡನೆ ಆ ಹೆಸರಿನ ಪಕ್ಕದ ಕೆಂಪು ದೀಪ ಹತ್ತುತ್ತದೆ. ಅಲ್ಲಿಗೆ ಆ ಒಂದು ಸ್ಥಾನದ ಮತ ಮುಗಿಯಿತು, ಬದಲಿಸಲು ಬರುವುದಿಲ್ಲ. ನಾಲ್ಕನೆಯದನ್ನೂ ಒತ್ತಿದ ಮೇಲೆಯೇ ಉದ್ದನೆಯ ಬೀಪ್. ಅದು ಕೇಳುವವರೆಗೆ ಯಂತ್ರ ಮುಂದಿನ ಮತದಾರರಿಗೆ ಸಿದ್ಧವಾಗುವುದಿಲ್ಲ, ಹಿಂದೆ ಸಾಲು ಬೆಳೆಯುತ್ತದೆ. ಮತಗಟ್ಟೆಯವರು ತಡೆದದ್ದು ಅದಕ್ಕೇ. ಯಾವುದಾದರೂ ಸ್ಥಾನದಲ್ಲಿ ಯಾರೂ ಬೇಡವೆಂದರೆ ಆ ಬಣ್ಣದ ನೋಟಾ ಒತ್ತಬೇಕು. ಲೋಕಸಭೆಯಲ್ಲಿ ಕಾಣುವ ವಿವಿಪ್ಯಾಟ್ ಚೀಟಿ ಇಲ್ಲಿ ಇರುವುದಿಲ್ಲ, ಅದಕ್ಕಾಗಿ ಕಾಯಬೇಡಿ. ಬೆರಳಿಗೂ ನಮ್ಮ ಮೈಸೂರಿನ ಕಾರ್ಖಾನೆಯ ಬಾಟಲಿ ಶಾಯಿ ಬರಲಿಲ್ಲ, ಮಾರ್ಕರ್ ಪೆನ್ ಬಂತು. ಆ ಗುರುತು ಅಳಿಸುತ್ತದೆಂದು ಜನವರಿಯಲ್ಲಿ ದೊಡ್ಡ ಗಲಾಟೆಯೇ ಆಯಿತು.

ಊರಿನ ಅಭ್ಯಾಸ ಇಲ್ಲಿ ಕೈಕೊಡುವ ಜಾಗ ಒಂದಿದೆ. ಕರ್ನಾಟಕದ ಗ್ರಾಮ ಪಂಚಾಯಿತಿಯಲ್ಲೂ ಒಂದು ಕ್ಷೇತ್ರಕ್ಕೆ ಇಬ್ಬರು, ಮೂವರು ಸದಸ್ಯರಿರುತ್ತಾರೆ. ಎಷ್ಟು ಸ್ಥಾನವೋ ಅಷ್ಟು ಮತ, ಒಬ್ಬ ಅಭ್ಯರ್ಥಿಗೆ ಒಂದೇ. ಅಲ್ಲಿ ‘ನನಗೊಬ್ಬನಿಗೇ ಹಾಕಿ, ಉಳಿದದ್ದು ಹಾಗೇ ಬಿಡಿ’ ಎಂದು ಅಭ್ಯರ್ಥಿಗಳು ಕಿವಿಯಲ್ಲಿ ಹೇಳುತ್ತಾರೆ. ಎಲ್ಲರೂ ಒಂದೇ ಪಟ್ಟಿಯಲ್ಲಿ ಪೈಪೋಟಿ ಮಾಡುವುದರಿಂದ, ನೀವು ಇನ್ನೊಬ್ಬರಿಗೆ ಕೊಟ್ಟ ಎರಡನೆಯ ಮತ ನಿಮ್ಮವನನ್ನೇ ಹಿಂದೆ ಹಾಕಬಹುದು. ಆ ಲೆಕ್ಕಕ್ಕೆ ಅರ್ಥವಿದೆ. ಪುಣೆಯಲ್ಲಿ ಅದಕ್ಕೆ ಅರ್ಥವೇ ಇಲ್ಲ. ಅ ಸ್ಥಾನದ ಅಭ್ಯರ್ಥಿಗೂ ಕ ಸ್ಥಾನದ ಅಭ್ಯರ್ಥಿಗೂ ಪೈಪೋಟಿಯೇ ಇಲ್ಲ. ಉಳಿದ ಮೂರರಲ್ಲೂ ನೋಟಾ ಒತ್ತಿದರೆ ಅ ಸ್ಥಾನದಲ್ಲಿ ನಿಂತ ನಿಮ್ಮವರಿಗೆ ಒಂದು ಮತದ ಲಾಭವೂ ಇಲ್ಲ. ಮೂರು ಸ್ಥಾನಗಳ ತೀರ್ಮಾನವನ್ನು ಬೇರೆಯವರಿಗೆ ಬಿಟ್ಟುಕೊಟ್ಟ ಹಾಗಾಗುತ್ತದೆ, ಅಷ್ಟೇ.

ಇನ್ನು ಜನ ಯಾಕೆ ಹೀಗೆ ಮತ ಹಾಕುತ್ತಾರೆ ಎಂಬ ಪ್ರಶ್ನೆ. ಇದಕ್ಕೆ ಮತದಾರರ ಮನಸ್ಸನ್ನು ಕೆದಕುವ ಮೊದಲು ಪ್ರಭಾಗದ ಗಾತ್ರ ನೋಡಬೇಕು. ಪುಣೆಯ ಪ್ರಭಾಗಗಳನ್ನು ರಚಿಸಿದ್ದು 2011ರ ಜನಗಣತಿಯ ಸುಮಾರು 34.8 ಲಕ್ಷ ಜನಸಂಖ್ಯೆಯ ಮೇಲೆ. ನಾಲ್ವರ ಪ್ರಭಾಗಕ್ಕೆ ಸರಾಸರಿ 84 ಸಾವಿರ ಜನ ಬೀಳುತ್ತಾರೆ. ಮುಂಬೈಯ ವಾರ್ಡಿಗೆ ಸುಮಾರು 55 ಸಾವಿರ. 55 ಸಾವಿರದ ವಾರ್ಡಿನಲ್ಲಿ ಗಟಾರ ತೆಗೆಸಿದ, ಆಸ್ಪತ್ರೆಯಲ್ಲಿ ಬೆಡ್ ಕೊಡಿಸಿದ, ಗಣಪತಿ ಮಂಡಳಿಯಲ್ಲಿ ಓಡಾಡಿದ ಮನುಷ್ಯನ ಮುಖ ಜನರಿಗೆ ಗೊತ್ತಿರುತ್ತದೆ. 84 ಸಾವಿರದ ಪ್ರಭಾಗದಲ್ಲಿ ನಾಲ್ಕು ಪಟ್ಟಿ, ಮೂವತ್ತು ನಲವತ್ತು ಹೆಸರು ಎದುರಿಗಿದ್ದರೆ ಎಷ್ಟು ಮುಖ ನೆನಪಿಟ್ಟುಕೊಳ್ಳುತ್ತೀರಿ? ಒಬ್ಬರು ಗೊತ್ತು, ಇನ್ನೊಬ್ಬರ ಹೆಸರು ಕೇಳಿದ್ದು, ಉಳಿದ ಎರಡು ಸ್ಥಾನಕ್ಕೆ ಕಣ್ಣು ಚಿಹ್ನೆ ಹುಡುಕುತ್ತದೆ. ಇದು ಅಜ್ಞಾನವಲ್ಲ. ತಿಳಿಯದ ನಾಲ್ವರ ಬಗ್ಗೆ ವಿಚಾರಿಸಲು ಯಾರಿಗೂ ಪುರುಸೊತ್ತಿಲ್ಲದಾಗ ಪಕ್ಷದ ಚಿಹ್ನೆಯೇ ಕಡಿಮೆ ಖರ್ಚಿನ ಮಾಹಿತಿ.

ಪಕ್ಷಗಳು ಪ್ಯಾನೆಲ್ ಕಟ್ಟುವುದು ಇದನ್ನರಿತೇ. ನಾಲ್ವರಲ್ಲಿ ಒಬ್ಬ ಗಟ್ಟಿ ಆಸಾಮಿ, ಅವನ ಜೊತೆ ಹೊಸ ಮುಖಗಳು. ಒಂದೇ ಕರಪತ್ರ, ಒಂದೇ ರಿಕ್ಷಾದ ಧ್ವನಿವರ್ಧಕ, ‘ನಾಲ್ಕೂ ಒಂದೇ ಚಿಹ್ನೆಗೆ’ ಎಂಬ ಒಂದೇ ಮಾತು. ಪಕ್ಷೇತರನಿಗೆ ಈ ವಿಸ್ತಾರ ಕಾಲ್ನಡಿಗೆಯಲ್ಲಿ ಮುಗಿಯುವುದಿಲ್ಲ. ಮೀಸಲಾತಿ ಯಾವ ಸ್ಥಾನಕ್ಕೆಂದು ಚೀಟಿ ಎತ್ತುವ ಸೋಡತ್‌ನಿಂದ ಹಳಬರಿಗೆ ಆಗುವ ಪೆಟ್ಟೂ ಪ್ಯಾನೆಲ್‌ನಲ್ಲಿ ಕಡಿಮೆ. ಒಬ್ಬರೇ ಸದಸ್ಯರಿರುವ ವಾರ್ಡು ಮಹಿಳಾ ಮೀಸಲಾದರೆ ಇದ್ದ ನಗರಸೇವಕ ಜಾಗ ಬಿಡಬೇಕು, ಇಲ್ಲವೇ ಹೆಂಡತಿಯನ್ನು ನಿಲ್ಲಿಸಬೇಕು. ನಾಲ್ವರ ಪ್ರಭಾಗದಲ್ಲಿ ಅರ್ಧ ಮಹಿಳೆಯರಿಗೆ ಹೋದರೂ ಅದೇ ಬೀದಿಗಳಲ್ಲಿ ಅವನಿಗೊಂದು ಸ್ಥಾನ ಸಾಮಾನ್ಯವಾಗಿ ಉಳಿದಿರುತ್ತದೆ. 2012ರಲ್ಲಿ ಪುಣೆಯಲ್ಲಿ 26 ಸ್ಥಾನ ಗೆದ್ದ ಬಿಜೆಪಿ 2017ರಲ್ಲಿ ತೊಂಬತ್ತು ದಾಟಿತು. ಅದರಲ್ಲಿ ಮೋದಿ ಅಲೆಯ ಪಾಲು ದೊಡ್ಡದು, ಬೇರೆ ಪಕ್ಷಗಳಿಂದ ಬಂದವರದೂ ಇದೆ. ಆದರೆ ಇಬ್ಬರ ಪ್ರಭಾಗ ನಾಲ್ವರದಾದದ್ದು ಆ ಅಲೆಗೆ ಅಗಲವಾದ ದಾರಿ ಮಾಡಿಕೊಟ್ಟಿತು. ಇದರ ಬೆಲೆಯನ್ನು ನೀವು ತೆರುವುದು ಚುನಾವಣೆ ಮುಗಿದ ಮೇಲೆ. ನೀರು ಬರಲಿಲ್ಲವೆಂದು ಒಬ್ಬರ ಹತ್ತಿರ ಹೋದರೆ ‘ಆ ಭಾಗ ಅವರು ನೋಡಿಕೊಳ್ಳುತ್ತಾರೆ’ ಎಂಬ ಉತ್ತರ. ನಾಲ್ವರು ಹೊಣೆಗಾರರೆಂದರೆ ಯಾರೂ ಹೊಣೆಗಾರರಲ್ಲ. ನನ್ನ ಅಭಿಪ್ರಾಯದಲ್ಲಿ ಮುಂಬೈಯ ಒಂದು ವಾರ್ಡು ಒಬ್ಬ ಸದಸ್ಯ ಪದ್ಧತಿಯೇ ಮತದಾರರಿಗೆ ಮೇಲು.

ಲೋಕಸಭೆಗೆ ಒಂದು, ಪಾಲಿಕೆಗೆ ಇನ್ನೊಂದು ಎಂಬುದು ಚಂಚಲತೆಯಲ್ಲ. ಕನ್ನಡಿಗರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. 1984ರ ಡಿಸೆಂಬರಿನಲ್ಲಿ ಕರ್ನಾಟಕ 28 ಲೋಕಸಭಾ ಸ್ಥಾನಗಳಲ್ಲಿ 24ನ್ನು ಕಾಂಗ್ರೆಸ್ಸಿಗೆ ಕೊಟ್ಟಿತು. ಮೂರೇ ತಿಂಗಳಲ್ಲಿ, 1985ರ ಮಾರ್ಚಿನಲ್ಲಿ, ರಾಮಕೃಷ್ಣ ಹೆಗಡೆಯವರ ಜನತಾ ಪಕ್ಷಕ್ಕೆ ವಿಧಾನಸಭೆಯಲ್ಲಿ 139 ಸ್ಥಾನ ಕೊಟ್ಟಿತು. ಡಿಸೆಂಬರಿನಲ್ಲಿ ಕೇಳಿದ ಪ್ರಶ್ನೆ ಇಂದಿರಾ ಹತ್ಯೆಯ ನಂತರ ದೆಹಲಿಯಲ್ಲಿ ಯಾರು ಎಂದು. ಮಾರ್ಚಿನಲ್ಲಿ ಕೇಳಿದ್ದು ಬೆಂಗಳೂರಿನಲ್ಲಿ ಯಾರು ಎಂದು. 2023ರಲ್ಲಿ ಕಾಂಗ್ರೆಸ್ಸಿಗೆ 135 ಶಾಸಕರನ್ನು ಕೊಟ್ಟವರೇ ಮರುವರ್ಷ ಲೋಕಸಭೆಗೆ ಅದಕ್ಕೆ ಕೊಟ್ಟದ್ದು ಒಂಬತ್ತು. ನಿಮ್ಮ ಸೊಸೈಟಿಯವರೂ ಅದನ್ನೇ ಮಾಡುತ್ತಿದ್ದಾರೆ: ಪ್ರಧಾನಿ ಯಾರಾಗಬೇಕು ಎಂಬುದಕ್ಕೂ ಟ್ಯಾಂಕರ್ ನೀರಿನ ಬಿಲ್ಲು ಯಾವಾಗ ನಿಲ್ಲುತ್ತದೆ ಎಂಬುದಕ್ಕೂ ಒಂದೇ ಉತ್ತರ ಇರಬೇಕೆಂದಿಲ್ಲ.

ಆದರೆ ಸ್ಥಾನಗಳ ಏರಿಳಿತ ಕಂಡು ಜನರ ಮನಸ್ಸೂ ಅಷ್ಟೇ ಬದಲಾಯಿತು ಎಂದುಕೊಂಡರೆ ಮೋಸ ಹೋಗುತ್ತೀರಿ. 2024ರ ಏಪ್ರಿಲ್–ಜೂನ್‌ನಲ್ಲಿ ಮಹಾರಾಷ್ಟ್ರದ 48 ಲೋಕಸಭಾ ಸ್ಥಾನಗಳಲ್ಲಿ ಮಹಾವಿಕಾಸ ಆಘಾಡಿಗೆ (ಕಾಂಗ್ರೆಸ್, ಉದ್ಧವ್ ಠಾಕ್ರೆ, ಶರದ್ ಪವಾರ್ ಕೂಟ) 30, ಮಹಾಯುತಿಗೆ (ಬಿಜೆಪಿ, ಏಕನಾಥ ಶಿಂದೆ, ಅಜಿತ್ ಪವಾರ್ ಕೂಟ) 17. ಎರಡರ ಮತಪ್ರಮಾಣ ಮಾತ್ರ ಹೆಚ್ಚೂಕಡಿಮೆ ಸಮ, ಶೇಕಡಾ 44ರ ಆಸುಪಾಸು. ನವೆಂಬರಿನ ವಿಧಾನಸಭೆಯಲ್ಲಿ ಮಹಾಯುತಿಯ ಮೂರು ದೊಡ್ಡ ಪಕ್ಷಗಳಿಗೆ 288ರಲ್ಲಿ 230, ಆಘಾಡಿಯ ಮೂರಕ್ಕೆ 46. ಇಲ್ಲಿ ಮತಗಳೂ ಸರಿದವು: ಒಂದು ಕಡೆ ಶೇಕಡಾ ಐವತ್ತರ ಹತ್ತಿರ, ಇನ್ನೊಂದು ಕಡೆ ಮೂವತ್ತೈದರ ಸುತ್ತ. ಜುಲೈನಿಂದ ಜಾರಿಗೆ ಬಂದ ಲಾಡಕೀ ಬಹೀಣ್ ಯೋಜನೆಯಲ್ಲಿ ಮಹಿಳೆಯರಿಗೆ ಸಿಕ್ಕ ತಿಂಗಳ 1,500 ರೂಪಾಯಿ ಇದರಲ್ಲಿ ಕೆಲಸ ಮಾಡಿತೆಂಬುದನ್ನು ವಿರೋಧಿಗಳೂ ಅಲ್ಲಗಳೆಯುವುದಿಲ್ಲ. ನಮ್ಮ ಪದ್ಧತಿಯಲ್ಲಿ ಗೆಲ್ಲಲು ಅರ್ಧ ಮತ ಬೇಕಿಲ್ಲ, ಎದುರಾಳಿಗಿಂತ ಒಂದು ಹೆಚ್ಚಿದ್ದರೆ ಸಾಕು. ಹಾಗಾಗಿ ನೂರಕ್ಕೆ ಆರೇಳು ಜನ ಮನಸ್ಸು ಬದಲಿಸಿದರೆ ಸದನವೇ ಬದಲಾದಂತೆ ಕಾಣುತ್ತದೆ.

ದುಡ್ಡಿನ ಮಾತಿಗೆ ಬರೋಣ. ದುಡ್ಡು ಹಂಚುವುದು ನಿಜ. ಕೊಟ್ಟವರೂ ತೆಗೆದುಕೊಂಡವರೂ ಕಾನೂನಿನ ಪ್ರಕಾರ ಅಪರಾಧಿಗಳು, ಒಂದು ವರ್ಷದವರೆಗೆ ಜೈಲಾಗಬಹುದು. ಆದರೆ ದುಡ್ಡು ಕೊಟ್ಟರೆ ಮತ ಬರುತ್ತದೆಯೇ? ಮುಂಬೈಯ ಚುನಾವಣೆಗಳಲ್ಲಿ ಹಂಚಿಕೆ ಹೇಗೆ ನಡೆಯುತ್ತದೆಂದು ಅಧ್ಯಯನ ಮಾಡಿದ ರಾಜ್ಯಶಾಸ್ತ್ರಜ್ಞ ಸೈಮನ್ ಶೋಶಾರ್ 2018ರಲ್ಲಿ ತೋರಿಸಿಕೊಟ್ಟದ್ದು ಹೀಗೆ: ಮತ ಗುಪ್ತವಾದ್ದರಿಂದ ಯಾರು ಮಾತು ಉಳಿಸಿಕೊಂಡರೆಂದು ತಿಳಿಯುವ ದಾರಿ ಅಭ್ಯರ್ಥಿಗಿಲ್ಲ, ನಡುವಿನ ಕಾರ್ಯಕರ್ತರೇ ಒಂದು ಪಾಲು ಜೇಬಿಗಿಳಿಸುತ್ತಾರೆ. ಇದೆಲ್ಲ ಗೊತ್ತಿದ್ದೂ ಎದುರಾಳಿ ಹಂಚುತ್ತಾನೆ, ನಾನು ಹಂಚದಿದ್ದರೆ ಕಣದಲ್ಲೇ ಇಲ್ಲವೆಂದು ಜನ ತಿಳಿದಾರು ಎಂಬ ಭಯಕ್ಕೆ ಎಲ್ಲರೂ ಹಂಚುತ್ತಾರೆ. ಅಂದರೆ ಅದು ಮತದ ಬೆಲೆಯಲ್ಲ, ಆಟದೊಳಗೆ ಬರುವ ಪ್ರವೇಶ ಶುಲ್ಕ. ಎಲ್ಲರಿಂದಲೂ ತೆಗೆದುಕೊಂಡು ತಮಗೆ ಬೇಕಾದವರಿಗೆ ಹಾಕುವವರು ಎಲ್ಲ ಊರಿನಲ್ಲೂ ಇದ್ದಾರೆ.

ನಗದಿಗಿಂತ ಹೆಚ್ಚು ಕೆಲಸ ಮಾಡುವುದು ಸೊಸೈಟಿಯ ಚೌಕಾಸಿ. ನಿಮ್ಮೊಬ್ಬರ ಮತ ಗುಪ್ತ, ನಿಮ್ಮ ಮತಗಟ್ಟೆಯದು ಗುಪ್ತವಲ್ಲ. ಎಣಿಕೆ ಮತಗಟ್ಟೆವಾರು ನಡೆಯುತ್ತದೆ. ಲೋಕಸಭೆ, ವಿಧಾನಸಭೆಯ ಮತಗಟ್ಟೆವಾರು ಅಂಕಿಗಳು ನಮೂನೆ 20ರಲ್ಲಿ ಯಾರು ಬೇಕಾದರೂ ನೋಡುವಂತೆ ಪ್ರಕಟವಾಗುತ್ತವೆ. ಒಂದು ಮತಗಟ್ಟೆಗೆ ಸಾವಿರ, ಸಾವಿರದ ಇನ್ನೂರು ಮತದಾರರು, ಅಂದರೆ ನಾಲ್ಕೈದು ಅಪಾರ್ಟ್‌ಮೆಂಟುಗಳು ಅಥವಾ ವಸ್ತಿಯ (ಕೊಳೆಗೇರಿಯ) ಒಂದೆರಡು ಗಲ್ಲಿ. ಯಾವ ಗಲ್ಲಿ ಕೈಕೊಟ್ಟಿತೆಂದು ಮರುದಿನವೇ ಗೊತ್ತಾಗುತ್ತದೆ. ಆದ್ದರಿಂದಲೇ ಚುನಾವಣೆಗೆ ಮುಂಚೆ ಕಾಂಪೌಂಡಿಗೆ ಪೇವರ್ ಬ್ಲಾಕ್, ಗೋಡೆಗೆ ಬಣ್ಣ, ಒಂದು ಸಿಸಿಟಿವಿ ಬರುತ್ತದೆ; ಸೊಸೈಟಿಯ ಚೇರ್ಮನ್ ‘ನಮ್ಮ ಎಂಟುನೂರು ಮತ’ ಎಂದು ಮಾತಾಡುತ್ತಾರೆ. ಅವರ ಕೈಯಲ್ಲಿ ಎಂಟುನೂರು ಎಂದೂ ಇರುವುದಿಲ್ಲ. ಆದರೆ ಕೆಲಸ ಆಗಿಬಿಟ್ಟಿರುತ್ತದಲ್ಲ, ಅದು ಮತದಾರರ ಪಾಲಿಗೆ ನಿಜವಾದ ಕಾರಣ.

ಈಗ ಕನ್ನಡಿಗರ ಒಗ್ಗಟ್ಟು. ಮಂಗಳೂರಿನಿಂದ ಬಂದ ಜಾರ್ಜ್ ಫರ್ನಾಂಡಿಸ್ 1961ರಲ್ಲಿ ಮುಂಬೈ ಪಾಲಿಕೆಗೆ ಬಂದರು, 1967ರಲ್ಲಿ ದಕ್ಷಿಣ ಮುಂಬೈಯಲ್ಲಿ ಕಾಂಗ್ರೆಸ್ಸಿನ ಘಟಾನುಘಟಿ ಎಸ್. ಕೆ. ಪಾಟೀಲರನ್ನು ಸೋಲಿಸಿದರು. ಗೋಪಾಲ ಶೆಟ್ಟಿಯವರು ನಗರಸೇವಕರಾಗಿ ಶುರುಮಾಡಿ 2014, 2019ರಲ್ಲಿ ಉತ್ತರ ಮುಂಬೈಯಿಂದ ಸಂಸದರಾದರು. ನಮ್ಮ ಸಮಾರಂಭಗಳಲ್ಲಿ ಇವರನ್ನು ‘ನಮ್ಮವರು’ ಎಂದು ಹೆಮ್ಮೆಯಿಂದ ಹೇಳುತ್ತೇವೆ, ಹೇಳಬೇಕಾದ್ದೇ. ಆದರೆ ಒಬ್ಬರನ್ನು ಗೆಲ್ಲಿಸಿದ್ದು ಕಾರ್ಮಿಕ ಸಂಘಟನೆ, ಇನ್ನೊಬ್ಬರನ್ನು ಪಕ್ಷ ಮತ್ತು ಬೋರಿವಲಿಯ ಬೀದಿ ಕೆಲಸ. ಭಾಷೆಯ ಮತದಿಂದ ಯಾರೂ ಅಲ್ಲಿಗೆ ತಲುಪಲಿಲ್ಲ.

ಲೆಕ್ಕ ಹಾಕಿ ನೋಡಿ. ಉದಾಹರಣೆಗೆ ಒಂದು ಪ್ರಭಾಗದಲ್ಲಿ 80 ಸಾವಿರ ಮತದಾರರು, ಅರ್ಧದಷ್ಟು ಮತದಾನ, ಅಂದರೆ 40 ಸಾವಿರ ಮತ. ನಾಲ್ಕು ಮೂಲೆಯ ಸ್ಪರ್ಧೆಯಲ್ಲಿ ಗೆಲ್ಲುವವರಿಗೆ ಹದಿನೈದು ಸಾವಿರ ಬೇಕು. ಕನ್ನಡ ಮಾತಾಡುವ ಮತದಾರರು ನಾಲ್ಕು ಸಾವಿರ ಇದ್ದಾರೆನ್ನಿ. ಬಂದು ಹಾಕುವವರು ಎರಡು ಸಾವಿರ. ಆ ಎರಡು ಸಾವಿರವೂ ಒಂದಲ್ಲ. ಉಡುಪಿ ಕಡೆಯ ಹೋಟೆಲ್ ಮಾಲೀಕರಿಗೆ ಪಾಲಿಕೆಯ ಲೈಸನ್ಸ್, ಫುಟ್‌ಪಾತ್ ತೆರವು ಮುಖ್ಯ. ಯಾದಗಿರಿಯಿಂದ ಬಂದ ಗಾರೆ ಕೆಲಸದವರಿಗೆ ವಸ್ತಿಯ ನಲ್ಲಿ, ಶೌಚಾಲಯ ಮುಖ್ಯ. ಹಿಂಜವಡಿಯ ಐಟಿ ಪಾರ್ಕಿಗೆ ಹೋಗುವ ಎಂಜಿನಿಯರಿಗೆ ರಸ್ತೆ. ಇವರೆಲ್ಲ ಕನ್ನಡ ರಾಜ್ಯೋತ್ಸವಕ್ಕೆ ಒಟ್ಟಿಗೆ ಕೂರುತ್ತಾರೆ, ಮತಗಟ್ಟೆಯಲ್ಲಿ ಒಟ್ಟಿಗೆ ಕೂರಬೇಕೆಂದು ಬಯಸುವುದು ಅತಿಯಾಯಿತು. ಹಾಗಂತ ಎರಡು ಸಾವಿರ ಸಣ್ಣದೂ ಅಲ್ಲ. ಗೆಲ್ಲಿಸಲಾರದು, ಆದರೆ ಅಂತರ ಅದಕ್ಕಿಂತ ಕಡಿಮೆ ಇರುವ ಕಡೆ ಯಾರು ಗೆಲ್ಲಬೇಕೆಂದು ತೀರ್ಮಾನಿಸಬಲ್ಲದು. ನಿಮ್ಮ ತಂಗಿಯ ಗೋರೆಗಾಂವ್ ಬರುವ ವಾಯವ್ಯ ಮುಂಬೈಯಲ್ಲಿ 2024ರ ಲೋಕಸಭೆಗೆ ಶಿಂದೆ ಬಣದ ರವೀಂದ್ರ ವಾಯ್ಕರ್‌ಗೆ 4,52,644 ಮತ, ಉದ್ಧವ್ ಬಣದ ಅಮೋಲ್ ಕೀರ್ತಿಕರ್‌ಗೆ 4,52,596. ಅಂತರ 48. ಯಂತ್ರದ ಮತಗಳಲ್ಲಿ ಕೀರ್ತಿಕರ್ ಒಂದು ಮತ ಮುಂದಿದ್ದರು, ಅಂಚೆ ಮತಗಳು ಫಲಿತಾಂಶ ತಿರುಗಿಸಿದವು. ನೋಟಾಕ್ಕೆ ಬಿದ್ದದ್ದೇ ಹದಿನೈದು ಸಾವಿರಕ್ಕೂ ಹೆಚ್ಚು.

ಆದ್ದರಿಂದ ‘ನಮ್ಮವರೊಬ್ಬರು’ ಎನ್ನುವುದಕ್ಕಿಂತ ‘ನಮ್ಮ ಮತಗಟ್ಟೆಗಳ ಅಂಕಿ ಇದು, ನಮಗೆ ಬೇಕಾದ್ದು ಇದು’ ಎಂದು ಎರಡು ಮೂರು ಪಕ್ಷಗಳ ಮುಂದೆ ಇಡುವುದು ಹೆಚ್ಚು ಫಲ ಕೊಡುತ್ತದೆ. ಅದಕ್ಕೆ ಮೊದಲು ಹೆಸರು ಇಲ್ಲಿಯ ಪಟ್ಟಿಯಲ್ಲಿರಬೇಕು, ನಮ್ಮ ಜನ ಸೋಲುವುದು ಇಲ್ಲೇ. ದುಡಿಮೆ ಪುಣೆಯಲ್ಲಿ, ಹೆಸರು ಆಳಂದದಲ್ಲೋ ಅಫಜಲಪುರದಲ್ಲೋ. ಎರಡೂ ಕಡೆ ಇಟ್ಟುಕೊಳ್ಳಲು ಕಾನೂನು ಬಿಡುವುದಿಲ್ಲ. ಒಂದು ಕಡೆ ಇದ್ದದ್ದನ್ನು ಮುಚ್ಚಿಟ್ಟು ಸುಳ್ಳು ಘೋಷಣೆ ಕೊಟ್ಟರೆ ಒಂದು ವರ್ಷದವರೆಗೆ ಜೈಲು ಅಥವಾ ದಂಡ. ಹೆಸರು ಇಲ್ಲಿಗೆ ತಂದರೆ ಜಮೀನಿನ ಪಹಣಿಗೆ ಏನೋ ಆಗುತ್ತದೆಂದು ಹಲವರು ಹೆದರುತ್ತಾರೆ, ಮತದಾರರ ಪಟ್ಟಿಗೂ ಪಹಣಿಗೂ ಸಂಬಂಧವಿಲ್ಲ. ಊರಿನಲ್ಲಿ ಮನೆ ಇದ್ದ ಮಾತ್ರಕ್ಕೆ ಅಲ್ಲಿಯ ಮತದಾರರಾಗಲು ಕಾನೂನು ಒಪ್ಪುವುದಿಲ್ಲ, ವಾಸ ಎಲ್ಲಿಯೋ ಅಲ್ಲಿ ಮತ.

ವರ್ಗಾವಣೆಗೆ ನಮೂನೆ 8 ತುಂಬಬೇಕು. ಬೇರೆ ರಾಜ್ಯದಿಂದ ಬರುವುದಿದ್ದರೂ ಅದೇ. ನಮೂನೆ 6 ಹೊಸಬರಿಗೆ ಮಾತ್ರ. ಹಳೆಯ ಗುರುತಿನ ಚೀಟಿಯ ಸಂಖ್ಯೆ ಕೊಟ್ಟರೆ ಊರಿನ ಹೆಸರು ತೆಗೆಯುವ ಕೆಲಸ ಅದರೊಳಗೇ ಆಗುತ್ತದೆ. ವಿಳಾಸಕ್ಕೆ ಲೈಟ್ ಬಿಲ್ಲು, ಬ್ಯಾಂಕ್ ಪಾಸ್‌ಬುಕ್, ನೋಂದಾಯಿತ ಬಾಡಿಗೆ ಕರಾರು, ಆಧಾರ್ ಯಾವುದಾದರೂ ನಡೆಯುತ್ತದೆ. ಏನೂ ಇಲ್ಲದವರ ಮನೆಗೆ ಮತಗಟ್ಟೆ ಮಟ್ಟದ ಅಧಿಕಾರಿ, ಅಂದರೆ ಬಿಎಲ್‌ಒ ಬಂದು ನೋಡುತ್ತಾರೆ. ಅರ್ಜಿಗಳು ತಿರಸ್ಕಾರವಾಗುವುದು ಹೆಚ್ಚಾಗಿ ಬಿಎಲ್‌ಒ ಬಂದಾಗ ಮನೆಗೆ ಬೀಗ ಇದ್ದುದರಿಂದ, ಫೋನ್ ನಂಬರ್ ಸರಿಯಾಗಿ ಕೊಡಿ.

ಪಾಲಿಕೆಗೆ ಪ್ರತ್ಯೇಕ ಮತದಾರರ ಪಟ್ಟಿ ತಯಾರಾಗುವುದಿಲ್ಲ. ರಾಜ್ಯ ಚುನಾವಣಾ ಆಯೋಗ ಒಂದು ದಿನಾಂಕ ಗೊತ್ತುಮಾಡಿ ಆ ದಿನದ ವಿಧಾನಸಭಾ ಪಟ್ಟಿಯನ್ನೇ ಪ್ರಭಾಗವಾರು ಒಡೆಯುತ್ತದೆ. 2026ರ ಜನವರಿಯ ಮತದಾನಕ್ಕೆ ಆ ದಿನಾಂಕ 2025ರ ಜುಲೈ 1. ಆಮೇಲೆ ಸೇರಿದವರಿಗೆ ಚೀಟಿ ಇತ್ತು, ಮತವಿರಲಿಲ್ಲ. ಕರಡು ಪಟ್ಟಿ ಬಂದಾಗ ಸಲ್ಲಿಸುವ ಆಕ್ಷೇಪಣೆಯಿಂದ ಹೊಸ ಹೆಸರು ಸೇರುವುದಿಲ್ಲ, ತಪ್ಪು ಪ್ರಭಾಗಕ್ಕೆ ಹೋದ ಹೆಸರು ಸರಿಹೋಗುತ್ತದೆ. ಒಂದು ಸೊಸೈಟಿಯ ಎ ವಿಂಗ್ ಒಂದು ಪ್ರಭಾಗಕ್ಕೆ, ಬಿ ವಿಂಗ್ ಇನ್ನೊಂದಕ್ಕೆ ಹೋಗುವುದು ಸಾಮಾನ್ಯ, ಆ ಕೆಲವೇ ದಿನಗಳಲ್ಲಿ ನೋಡಿಕೊಳ್ಳಬೇಕು.

ಇಷ್ಟಾಗಿಯೂ ನಿಮ್ಮವರನ್ನೇ ನಿಲ್ಲಿಸುವುದಾದರೆ ಸ್ಥಾನ ಆರಿಸುವ ಮೊದಲು ಕಾಗದ ನೋಡಿ. ಕರ್ನಾಟಕದ ಜಾತಿ ಪ್ರಮಾಣಪತ್ರ ಇಲ್ಲಿ ಮೀಸಲು ಸ್ಥಾನಕ್ಕೆ ನಡೆಯುವುದಿಲ್ಲ. ಮನೆತನ ಮಹಾರಾಷ್ಟ್ರದಲ್ಲಿ ಪರಿಶಿಷ್ಟ ಜಾತಿಗೆ 1950ರ ಆಗಸ್ಟ್ 10, ವಿಮುಕ್ತ ಮತ್ತು ಅಲೆಮಾರಿಗಳಿಗೆ 1961ರ ನವೆಂಬರ್ 21, ಒಬಿಸಿಗೆ 1967ರ ಅಕ್ಟೋಬರ್ 13ರ ಮುಂಚಿನಿಂದ ಇತ್ತೆಂಬ ದಾಖಲೆ ಬೇಕು. ಅಜ್ಜನ ಶಾಲಾ ಸರ್ಟಿಫಿಕೇಟಿನಂಥದ್ದು. ಅದರ ಮೇಲೆ ಜಾತಿ ಪರಿಶೀಲನಾ ಸಮಿತಿಯ ಸಿಂಧುತ್ವ ಪ್ರಮಾಣಪತ್ರವನ್ನು ಗಡುವಿನೊಳಗೆ ತರದಿದ್ದರೆ ಗೆದ್ದ ಸ್ಥಾನವೂ ಹೋಗುತ್ತದೆ. ಇದಿಲ್ಲದವರು ಸಾಮಾನ್ಯ ಅಥವಾ ಸಾಮಾನ್ಯ ಮಹಿಳೆ ಸ್ಥಾನದಲ್ಲೇ ನಿಲ್ಲಬೇಕು. ಕರ್ನಾಟಕದಲ್ಲಿಲ್ಲದ ಇನ್ನೊಂದು ಷರತ್ತು ಇಲ್ಲಿದೆ: ಇಬ್ಬರಿಗಿಂತ ಹೆಚ್ಚು ಮಕ್ಕಳಿದ್ದು, ಮೂರನೆಯದು 2001ರ ಸೆಪ್ಟೆಂಬರ್ 12ರ ನಂತರ ಹುಟ್ಟಿದ್ದರೆ ನಾಮಪತ್ರವೇ ತಿರಸ್ಕಾರ.